ಅಪ್‌ಡೇಟ್: ಬೆರಳು ಜೋಮು ಹಿಡಿಯೋದು ನಿಂತಿತು

ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವಾಗ ಬಲಗಾಲಿನ ಬೆರಳುಗಳು ಜೋಮು ಹಿಡಿಯುತ್ತವೆ, ಏನು ಮಾಡಲಿ ಅಂತ ಕೇಳಿದ್ದೆ. ತಪ್ಪು ಶೂನಲ್ಲೇ ಇತ್ತು. ಓಡೋಕೆ ಅಂತ ತಗೊಂಡಿದ್ದ ಮೆತ್ತನೆ ಶೂ ಅದು. ತಿರುಗಿಸಿ ನೋಡಿದರೆ ಪೆಡಲ್ ಕೂರುವ ಜಾಗದಲ್ಲಿ ಸೋಲ್ ಹಳ್ಳ ಬಿದ್ದಿತ್ತು! ತುಳಿದಾಗಲೆಲ್ಲ ಸೋಲ್ ಬಾಗಿ, ಭಾರವೆಲ್ಲ ಬೆರಳಿನ ಬುಡದ ನರಗಳ ಮೇಲೆ ಬೀಳುತ್ತಿತ್ತು.

ಈಗ ಗಟ್ಟಿ ಸೋಲಿನ, ಮುಂದೆ ಅಗಲ ಇರುವ ಶೂ ತಗೊಂಡೆ. ಶೂವನ್ನು ಪೆಡಲಿಗೆ ಕಚ್ಚಿಸೋ ಕ್ಲೀಟ್ ಬೇಡ ಅನ್ನಿಸಿತು, ಚಪ್ಪಟೆ ಪೆಡಲ್ಲೇ ಸಾಕು. ಸಂಜೆ ಪಾದ ಸ್ವಲ್ಪ ಊದಿರುತ್ತೆ, ಆಗಲೇ ಅಳತೆ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಲೇಸಿನ ತುದಿಯನ್ನೂ ಒಳಗೆ ಸಿಕ್ಕಿಸ್ತೀನಿ. ಹಿಂದೊಮ್ಮೆ ಅದು ಚೈನಿಗೆ ಸಿಕ್ಕಿ ಬಿದ್ದಿದ್ದೆ.

ಮೊನ್ನೆ ಭಾನುವಾರ ಎಲ್ಲೂ ಕಾಲೂರದೆ ಮೇಲಿನವರೆಗೂ ಹತ್ತಿದೆ. ಶೂ ಬಿಚ್ಚಿದೆ, ಐದೂ ಬೆರಳು ಆರಾಮಾಗಿ ಅಲ್ಲಾಡಿದವು.