ಸಹಾಯ ಬೇಕು: ಅಮೆರಿಕದಲ್ಲಿ ಡೆಂಟಲ್ ಪಬ್ಲಿಕ್ ಹೆಲ್ತ್ ರೆಸಿಡೆನ್ಸಿ, ಸ್ಟೈಪೆಂಡ್ ವಿಷ್ಯ

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೇಲಿ ಬಿಡಿಎಸ್ ಮಾಡಿ ಇಲ್ಲಿಗೆ ಬಂದು ಎಂಪಿಎಚ್ (ಪಬ್ಲಿಕ್ ಹೆಲ್ತ್ ಮಾಸ್ಟರ್ಸ್) ಮುಗಿಸಿದೀನಿ, ಹೋದ ತಿಂಗಳು ಗ್ರೀನ್ ಕಾರ್ಡೂ ಕೈಗೆ ಬಂತು, ಈಗ 1 ವರ್ಷದ ಈ ರೆಸಿಡೆನ್ಸಿಗೆ (ಇಡೀ ಸಮುದಾಯದ ಹಲ್ಲಿನ ಆರೋಗ್ಯ ನೋಡ್ಕೊಳ್ಳೋ ತರಬೇತಿ) ಅಪ್ಲೈ ಮಾಡೋಣ ಅಂತಿದೀನಿ. ಫೆಡರಲ್ ಸರ್ಕಾರದ ಆರೋಗ್ಯ ಏಜೆನ್ಸಿ ಆದ ಎಚ್‌ಆರ್‌ಎಸ್‌ಎ ಗ್ರಾಂಟ್ ದುಡ್ಡು ನೇರವಾಗಿ ನಮಗೆ ಬರಲ್ಲ, ಕಾಲೇಜಿಗೋ ಆಸ್ಪತ್ರೆಗೋ ಹೋಗಿ ಅಲ್ಲಿಂದ ಸ್ಟೈಪೆಂಡ್ ಆಗತ್ತೆ, ಗ್ರೀನ್ ಕಾರ್ಡ್ ಇದ್ರೂ ನಡೆಯತ್ತೆ, ಅಷ್ಟು ಗೊತ್ತು. ಆದ್ರೆ ಒಂದು ಕಡೆ ಫೋನ್ ಮಾಡಿದ್ರೆ ಸೀಟಿದೆ, ಗ್ರಾಂಟ್ ಮುಗೀತು, ಸ್ಟೈಪೆಂಡ್ ಇಲ್ಲ ಅಂದ್ರು. ಹಲ್ಲಿದ್ದಾಗ ಕಡಲೆ ಇಲ್ಲ ಅನ್ನೋದು ಇದಕ್ಕೇ ಇರ್ಬೇಕು, ಅದೂ ಡೆಂಟಿಸ್ಟಿಗೆ! ಎನ್‌ಎಚ್‌ಎಸ್‌ಸಿ ಲೋನ್ ರಿಪೇಮೆಂಟ್ (ಡಾಕ್ಟರ್, ಡೆಂಟಿಸ್ಟ್ ಕಮ್ಮಿ ಇರೋ ಕಡೆ ಕೆಲಸ ಮಾಡಿದ್ರೆ ಓದಿನ ಸಾಲ ತೀರಿಸೋಕೆ ದುಡ್ಡು ಕೊಡೋ ಸರ್ಕಾರಿ ಸ್ಕೀಮ್) ಸಿಟಿಜನ್ಸ್‌ಗೆ ಮಾತ್ರ, ಅದು ಬಿಟ್ಹಾಕಿ. ಈ ರೆಸಿಡೆನ್ಸಿ ಮಾಡಿದೋರು ಯಾರಾದ್ರೂ ಇದ್ರೆ ಇಂಟರ್‌ವ್ಯೂಗೆ ಮುಂಚೆನೇ ಗ್ರಾಂಟ್ ಇನ್ನೆಷ್ಟು ವರ್ಷ ಇದೆ ಅಂತ ಕೇಳ್ಬಹುದಾ, ತಪ್ಪು ತಿಳ್ಕೋತಾರಾ? ಸ್ವಲ್ಪ ಹೇಳಿ ಪ್ಲೀಸ್.