ಅಪ್‌ಡೇಟ್: 15 ನಿಮಿಷದ ಊಟ, ಎರಡು ವಾರ ಆಯ್ತು

ಮಕ್ಕಳಿಗೆ ರಜೆ, ನನಗೆ ಮನೆಯಿಂದಲೇ ಕೆಲಸ, ಮಧ್ಯಾಹ್ನದ ಅಡುಗೆಗೆ ಸಿಗುವುದು 15 ನಿಮಿಷ, ಏನು ಮಾಡಲಿ ಎಂದು ಕೇಳಿದ್ದೆ. ನೀವು ಹೇಳಿದ್ದರಲ್ಲಿ ಬಹಳಷ್ಟನ್ನು ಮಾಡಿ ನೋಡಿದೆ.

ಗೆದ್ದದ್ದು ಹಿಂದಿನ ರಾತ್ರಿಯೇ ಅನ್ನ ಮಾಡಿಡುವ ಉಪಾಯ. ಮರುದಿನ ಮೊಟ್ಟೆ, ಬಟಾಣಿ, ಕ್ಯಾರೆಟ್ ತುರಿ ಹಾಕಿ ಹುರಿದರೆ ಹತ್ತೇ ನಿಮಿಷ. ತಣ್ಣಗಿರುವ ಅನ್ನ ಉದುರುದುರಾಗಿ ಬರುತ್ತದೆ. ಆದರೆ ರಾತ್ರಿಯೆಲ್ಲ ಹೊರಗಿಡಬೇಡಿ. ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ. ಹೊರಗಿಟ್ಟ ಅನ್ನದಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟರೆ, ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ಇದು ನನಗೆ ಗೊತ್ತೇ ಇರಲಿಲ್ಲ!

ಪಾಸ್ತಾ ಸೋತಿತು. ತಪ್ಪು ನನ್ನದೇ, ಮೀಟಿಂಗ್‌ನಲ್ಲಿ ಮರೆತು ಅಂಟು ಮಾಡಿಟ್ಟೆ.

ಬ್ರೆಡ್, ಬೇಯಿಸಿದ ಮೊಟ್ಟೆ, ಸೌತೆಕಾಯಿ, ಚೀಸ್ ಎಲ್ಲ ಬೇರೆ ಬೇರೆ ಬಟ್ಟಲಲ್ಲಿಟ್ಟು ‘ನೀವೇ ಜೋಡಿಸಿಕೊಳ್ಳಿ’ ಅಂದೆ. ಸೌತೆಕಾಯಿ ಮುಟ್ಟದ ದೊಡ್ಡವಳು ತಾನೇ ಜೋಡಿಸಿದ್ದನ್ನು ಸುಮ್ನೆ ತಿಂದಳು. ಮೊಟ್ಟೆಯನ್ನು ಒಟ್ಟಿಗೆ ಬೇಯಿಸಿ ಸಿಪ್ಪೆಸಮೇತ ಫ್ರಿಜ್‌ನಲ್ಲಿಟ್ಟರೆ ವಾರ ಇರುತ್ತದೆ.

ಚಿಕ್ಕವನಿಗೆ ನಾಲ್ಕು ವರ್ಷ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಿ, ಇಡಿಯಾಗಿ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂದವರಿಗೆ ವಿಶೇಷ ಥ್ಯಾಂಕ್ಸ್. ನಾಳೆಗೆ ಮತ್ತೆ ಅನ್ನವೇ.