ಸಹಾಯ ಬೇಕು: ಕಿವಿ ಮಷೀನಿನ ಅಚ್ಚು ಸರಿಯಾಗಿ ತೆಗೆಯುವವರು ತುಮಕೂರಲ್ಲಿ ಯಾರಿದ್ದಾರೆ?

ನಮಸ್ಕಾರ. 72 ವರ್ಷದ ಹಿರಿಯರಿಗಾಗಿ ಕೇಳ್ತಿರೋದು. ಕಿವಿ ಹಿಂದೆ ಕೂರುವ ಡಿಜಿಟಲ್ ಮಷೀನು, 13 ನಂಬರ್ ಸೆಲ್ (ಕಿತ್ತಳೆ ಸ್ಟಿಕ್ಕರಿನದು). ಬಲಗಡೆಯದು ಊಟ ಅಗಿಯುವಾಗ, ಫೋನ್ ಹಿಡಿದಾಗ ಕುಂಯ್ ಅಂತ ಸಿಳ್ಳೆ ಹಾಕುತ್ತೆ.

ಗುಗ್ಗೆಯನ್ನು ಇ.ಎನ್.ಟಿ. ಡಾಕ್ಟರ್ ಹತ್ರ ತೆಗೆಸಿ ಆಗಿದೆ. ಮಷೀನಿಂದ ಅಚ್ಚಿಗೆ (ಕಿವಿಯೊಳಗೆ ಕೂರುವ ತುಂಡು) ಸದ್ದು ಒಯ್ಯುವ, ಗಟ್ಟಿಯಾಗಿದ್ದ ಟ್ಯೂಬೂ ಬದಲಾಗಿದೆ. ಮಷೀನು ಆನ್ ಇಟ್ಟು, ಅಚ್ಚಿನ ತೂತುಗಳನ್ನು ಬೆರಳಿಂದ ಬಿಗಿಯಾಗಿ ಮುಚ್ಚಿದರೆ ಸಿಳ್ಳೆ ನಿಲ್ಲುತ್ತೆ. ಅಂದ್ರೆ ಮಷೀನು ಕೆಟ್ಟಿಲ್ಲ, ಅಚ್ಚು ಸಡಿಲ. ಅಂಚಿಂದ ಸೋರಿದ ಸದ್ದು ತಿರುಗಿ ಮೈಕಿಗೇ ಹೋಗ್ತಿದೆ. ಅಂಗಡಿಯವರು ವಾಲ್ಯೂಮ್ ಇಳಿಸಿ ಕಳಿಸ್ತಾರೆ. ಸಿಳ್ಳೆ ಹೋಗುತ್ತೆ ನಿಜ, ಜೊತೆಗೆ 'ಸ', 'ಶ' ಅಕ್ಷರಗಳೂ ಹೋಗ್ತವೆ! ಆಡಿಯೋಗ್ರಾಮಲ್ಲಿ (ಕಿವಿ ಪರೀಕ್ಷೆಯ ನಕ್ಷೆ) 2000 ಹರ್ಟ್ಸ್ ಮೇಲೇ, ಅಂದ್ರೆ ಇಂಥ ಕೀರಲು ಸದ್ದುಗಳಲ್ಲೇ, ನಷ್ಟ ಜಾಸ್ತಿ, 65–70 ಡೆಸಿಬಲ್.

ಬೇಕಿರೋದು ಎರಡು ಮಾಹಿತಿ. ಕಿವಿಯೊಳಗೆ ಮೊದಲು ದಾರ ಕಟ್ಟಿದ ಸ್ಪಂಜು ಇಟ್ಟು, ಆಮೇಲೆ ಸಿಲಿಕೋನ್ ತುಂಬಿ, ಬಾಯಿ ಆಡಿಸಲು ಹೇಳಿ ಅಚ್ಚು ತೆಗೆಯುವವರು (ದವಡೆ ಆಡಿದಾಗ ಕಿವಿ ನಾಳದ ಆಕಾರ ಬದಲಾಗುತ್ತೆ, ಅದಕ್ಕೆ). ಇನ್ನೊಂದು, ಸಣ್ಣ ನಳಿಗೆಯ ಮೈಕ್ ಕಿವಿಯೊಳಗಿಟ್ಟು, ಒಳಗೆ ತಲುಪುವ ಸದ್ದನ್ನು ಅಳೆದು ಪ್ರೋಗ್ರಾಂ ಮಾಡುವವರು. "ಕೇಳಿಸ್ತಾ?" ಅಂತ ಕೇಳಿ ಸೆಟ್ ಮಾಡೋದು ಬೇಡ. ಇದಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೇ ಹೋಗಬೇಕಾ, ತುಮಕೂರಲ್ಲೇ ಆಗುತ್ತಾ?

ಸೆಲ್, ತೇವದ ಸಲಹೆ ಬೇಡ. ಸ್ಟಿಕ್ಕರ್ ಕಿತ್ತು ಐದು ನಿಮಿಷ ಗಾಳಿಗಿಟ್ಟೇ ಹಾಕ್ತಾರೆ. ರಾತ್ರಿ ಸೆಲ್ ತೆಗೆದು ಮಷೀನನ್ನು ಸಿಲಿಕಾ ಜೆಲ್ ಡಬ್ಬಿಯಲ್ಲಿಡ್ತಾರೆ.